ನೀರು, ಗೋಧಿ, ಎಣ್ಣೆ ಮತ್ತು ಒಂದು ದಪ್ಪ ಪುಸ್ತಕ

ಕಳಸದ ಕಡೆ ಕಥೋಲಿಕರಲ್ಲದ ನಾವು ಚರ್ಚಿನ ಮೆಟ್ಟಿಲು ಹತ್ತುವುದು ಸಾಮಾನ್ಯವಾಗಿ ಎರಡೇ ಕಾರಣಕ್ಕೆ: ಮದುವೆಗೆ, ಇಲ್ಲವೇ ಮಣ್ಣಿಗೆ. ಪಕ್ಕದ ತೋಟದವರು, ಎಸ್ಟೇಟಿನ ರೈಟರು, ಮಗಳ ಟೀಚರು, ಹೀಗೆ ಯಾರದೋ ನೆಪದಲ್ಲಿ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತೇವೆ. ಎಲ್ಲರೂ ಎದ್ದಾಗ ಏಳುತ್ತೇವೆ, ಎಲ್ಲರೂ ಮೊಣಕಾಲೂರಿದಾಗ ಏನು ಮಾಡುವುದೆಂದು ತೋಚದೆ ಅರ್ಧ ಬಗ್ಗಿ ನಿಲ್ಲುತ್ತೇವೆ. ನಿಜವಾದ ಪೇಚಾಟ ಶುರುವಾಗುವುದು ಪರಮಪ್ರಸಾದದ ಹೊತ್ತಿಗೆ. ಜನ ಸಾಲುಗಟ್ಟಿ ಮುಂದೆ ಹೋಗುತ್ತಾರೆ, ಫಾದರ್ ಒಬ್ಬೊಬ್ಬರಿಗೂ ತೆಳ್ಳಗಿನ ಬಿಳಿ ಬಿಲ್ಲೆಯೊಂದನ್ನು ಕೊಡುತ್ತಾರೆ. ಪ್ರಸಾದ ಎಂದ ಮೇಲೆ ಬೇಡವೆನ್ನುವುದು ಹೇಗೆ ಎಂದುಕೊಂಡು ನಮ್ಮವರೂ ಒಬ್ಬಿಬ್ಬರು ಏಳುತ್ತಾರೆ. ಅಷ್ಟರಲ್ಲಿ ಮೈಕಿನಲ್ಲಿ ಮೆತ್ತಗೆ ಹೇಳುತ್ತಾರೆ: ಪರಮಪ್ರಸಾದ ಕಥೋಲಿಕರಿಗೆ ಮಾತ್ರ, ಬೇರೆಯವರು ದಯವಿಟ್ಟು ಕುಳಿತಲ್ಲೇ ಪ್ರಾರ್ಥಿಸಬೇಕು.

ಇಲ್ಲಿಂದ ಏಳೆಂಟು ಕಿಲೋಮೀಟರ್ ಆಚೆ ಹೊರನಾಡಿನಲ್ಲಿ ಅನ್ನಪೂರ್ಣೇಶ್ವರಿಯ ಸನ್ನಿಧಿಗೆ ಬಂದವರನ್ನು ಯಾರು, ಎತ್ತ ಎಂದು ಕೇಳದೆ ಊಟಕ್ಕೆ ಕೂರಿಸುತ್ತಾರೆ. ಆ ಪದ್ಧತಿ ನೋಡಿಕೊಂಡೇ ಬೆಳೆದವರಿಗೆ ಚರ್ಚಿನ ಈ ಪ್ರಕಟಣೆ ಕೊಂಚ ಜಿಪುಣತನ ಅನ್ನಿಸುವುದು ಸಹಜ. ಆದರೆ ಹೊರನಾಡಿನ ಊಟ ಹಸಿದು ಬಂದವರಿಗೆ ಬಡಿಸುವಂಥದ್ದು. ಚರ್ಚಿನ ಬಿಲ್ಲೆಯ ಲೆಕ್ಕ ಬೇರೆ. ಬಲಿಪೂಜೆ ಎಂದು ಕರೆಯುವ ಈ ಆರಾಧನೆಯಲ್ಲಿ ಆ ರೊಟ್ಟಿ ಮತ್ತು ದ್ರಾಕ್ಷಾರಸ ಕ್ರಿಸ್ತನ ಶರೀರ, ರಕ್ತವೇ ಆಗುತ್ತವೆ ಎಂದು ಕಥೋಲಿಕರು ನಂಬುತ್ತಾರೆ. ಬರೀ ಸಂಕೇತ ಎಂದರೆ ಅವರು ಒಪ್ಪುವುದಿಲ್ಲ. ಫಾದರ್ ಅದನ್ನು ಕ್ರಿಸ್ತನ ಶರೀರ ಎಂದು ಹೇಳಿ ಮುಂದೆ ಹಿಡಿದಾಗ ಪಡೆಯುವವರು ಆಮೆನ್ ಎನ್ನಬೇಕು. ಧರ್ಮಸಭೆ ನಂಬುವುದನ್ನೆಲ್ಲ ತಾನೂ ನಂಬುತ್ತೇನೆಂದು ರುಜು ಹಾಕಿದ ಹಾಗೆ ಅದು. ನಂಬದವರಿಂದ ಸುಮ್ಮನೆ ರುಜು ಹಾಕಿಸಿಕೊಳ್ಳಬಾರದೆಂಬ ಎಚ್ಚರ ಆ ಪ್ರಕಟಣೆಯ ಹಿಂದಿದೆ.

ಅಂದ ಮಾತ್ರಕ್ಕೆ ಕಥೋಲಿಕರೆಲ್ಲ ಎದ್ದು ಹೋಗುತ್ತಾರೆಂದೂ ಅಲ್ಲ. ಗಂಭೀರವಾದ ಪಾಪ ಮಾಡಿದವರು ಮೊದಲು ಪಾಪನಿವೇದನೆ ಮಾಡಿಕೊಳ್ಳಬೇಕು. ವಿಚ್ಛೇದನ ಪಡೆದು ಚರ್ಚಿನ ಹೊರಗೆ ಮತ್ತೊಂದು ಮದುವೆಯಾದವರಿಗೆ ಈ ಸಾಲು ಬಹುಕಾಲ ಮುಚ್ಚಿಯೇ ಇತ್ತು. 2016ರಲ್ಲಿ ಪೋಪ್ ಫ್ರಾನ್ಸಿಸ್ ಹೊರಡಿಸಿದ 'ಅಮೋರಿಸ್ ಲೆಟೀಷಿಯಾ' ಎಂಬ ಪತ್ರ ಒಬ್ಬೊಬ್ಬರ ಪರಿಸ್ಥಿತಿಯನ್ನೂ ಬೇರೆ ಬೇರೆಯಾಗಿ ತೂಗಿ ನೋಡಿ ಎಂದಿತು. ಅದರ ಒಂದು ಅಡಿಟಿಪ್ಪಣಿಯ ಮೇಲೆ ನಡೆದ ಜಗಳ ಇನ್ನೂ ಪೂರ್ತಿ ತಣ್ಣಗಾಗಿಲ್ಲ. ದೊಡ್ಡ ಊರಿನ ಚರ್ಚಿನಲ್ಲಿ ಇದ್ಯಾವುದೂ ಯಾರ ಗಮನಕ್ಕೂ ಬರುವುದಿಲ್ಲ. ಎಲ್ಲರಿಗೂ ಎಲ್ಲರ ಕಥೆ ಗೊತ್ತಿರುವ ಮಲೆನಾಡಿನ ಊರಿನಲ್ಲಿ ಹಾಗಲ್ಲ. ಎದ್ದು ಹೋದವರಿಗಿಂತ ಕೂತೇ ಉಳಿದವರು ಕಣ್ಣಿಗೆ ಬೀಳುತ್ತಾರೆ.

ಕಥೋಲಿಕರ ಸಂಸ್ಕಾರಗಳು ಏಳು. ಸ್ನಾನದೀಕ್ಷೆ, ದೃಢೀಕರಣ, ಪರಮಪ್ರಸಾದ, ಪಾಪನಿವೇದನೆ, ರೋಗಿಗಳ ಅಭ್ಯಂಗ, ಯಾಜಕದೀಕ್ಷೆ, ವಿವಾಹ. ಕೊಂಕಣಿ ಮನೆಗಳಲ್ಲಿ ಇವುಗಳಲ್ಲಿ ಕೆಲವಕ್ಕೆ ಕುಮ್ಗಾರ್, ಕುಮ್ಸಾರ್, ಕಾಜಾರ್ ಎಂಬ ಹೆಸರುಗಳಿವೆ. ಏಳೇ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ ಎಂದು ಟ್ರೆಂಟ್ ಮಹಾಸಭೆ 1547ರ ಮಾರ್ಚಿನಲ್ಲಿ ಘೋಷಿಸಿತು. ಪ್ರೊಟೆಸ್ಟೆಂಟ್ ಸುಧಾರಣೆ ಶುರುಮಾಡಿದ ಲೂಥರ್ ಮತ್ತವನ ಕಡೆಯವರು ಬೈಬಲಿನಲ್ಲಿ ಕ್ರಿಸ್ತನೇ ಸ್ಪಷ್ಟವಾಗಿ ವಿಧಿಸಿದ ಎರಡನ್ನು ಮುಖ್ಯವಾಗಿ ಉಳಿಸಿಕೊಂಡಿದ್ದರು; ಅದಕ್ಕೆ ಕೊಟ್ಟ ಉತ್ತರ ಈ ಘೋಷಣೆ. ಇಂದಿಗೂ ಪ್ರೊಟೆಸ್ಟೆಂಟರಲ್ಲಿ ಹೆಚ್ಚಿನವರು ಸ್ನಾನದೀಕ್ಷೆ ಮತ್ತು ಪ್ರಭುಭೋಜನ ಎಂಬ ಎರಡನ್ನೇ ಎಣಿಸುತ್ತಾರೆ.

ಹುಟ್ಟಿನಿಂದ ಸಾವಿನವರೆಗೆ ಬದುಕಿನ ತಿರುವುಗಳಲ್ಲೆಲ್ಲ ಒಂದೊಂದು ವಿಧಿ ಇಡುವುದು ನಮಗೇನೂ ಹೊಸದಲ್ಲ. ನಾಮಕರಣ, ಉಪನಯನ, ಮದುವೆ ಎಂದು ನಮ್ಮದೂ ಪಟ್ಟಿ ಇದೆ. ಕಥೋಲಿಕರ ಏಳರಲ್ಲಿ ಕುತೂಹಲ ಹುಟ್ಟಿಸುವುದು ಬೇರೆಯೇ. ಅಲ್ಲಿ ಕೆಲಸ ಮಾಡುವವನು ಪಾದ್ರಿಯಲ್ಲ, ಕ್ರಿಸ್ತ. ಪಾದ್ರಿ ಬರೀ ಕೈ. ಹೀಗೆಂದು ಒಪ್ಪಿಕೊಂಡ ಕೂಡಲೇ ಎರಡು ಪರಿಣಾಮ ಹುಟ್ಟುತ್ತವೆ, ಮೇಲ್ನೋಟಕ್ಕೆ ಒಂದಕ್ಕೊಂದು ವಿರುದ್ಧವಾದವು. ಯಾವ ವಸ್ತು, ಯಾವ ಮಾತು ಎಂಬುದರಲ್ಲಿ ಧರ್ಮಸಭೆ ಕೂದಲು ಸೀಳುವಷ್ಟು ಕಟ್ಟುನಿಟ್ಟು. ಮಾಡುವ ಮನುಷ್ಯ ಯಾರು, ಎಂಥವನು ಎಂಬುದರಲ್ಲಿ ಮಾತ್ರ ಕೆಲವೊಮ್ಮೆ ನಂಬಲಾಗದಷ್ಟು ಸಡಿಲ.

ಸಡಿಲಿಕೆಯ ಮಾತನ್ನೇ ಮೊದಲು ನೋಡೋಣ. ಪಾದ್ರಿಯೇ ಸರಿಯಿಲ್ಲದಿದ್ದರೆ ಅವರ ಕೈಯಿಂದ ಆದದ್ದು ಸಲ್ಲುತ್ತದೆಯೇ ಎಂದು ನಮ್ಮೂರಿನ ಚಹದಂಗಡಿಯಲ್ಲಿ ಕೇಳುವ ಪ್ರಶ್ನೆ ಹೊಸದೇನಲ್ಲ. ನಾಲ್ಕನೇ ಶತಮಾನದ ಉತ್ತರ ಆಫ್ರಿಕಾದಲ್ಲಿ ಇದೇ ಪ್ರಶ್ನೆಗೆ ಚರ್ಚು ಎರಡು ಹೋಳಾಯಿತು. ರೋಮನ್ ದೊರೆ ಡಯೋಕ್ಲೀಷಿಯನ್‌ನ ಹಿಂಸೆಗೆ ಹೆದರಿ ಧರ್ಮಗ್ರಂಥಗಳನ್ನು ಒಪ್ಪಿಸಿದ ಬಿಷಪರಿಂದ ಪಡೆದ ಸಂಸ್ಕಾರ ಲೆಕ್ಕಕ್ಕಿಲ್ಲ ಎಂದರು ಡೊನಾಟಿಸ್ಟರೆಂಬ ಬಣದವರು. ಲೆಕ್ಕಕ್ಕಿದೆ, ಕೊಡುವವನು ಕ್ರಿಸ್ತ ಎಂದು ವಾದಿಸಿ ಗೆದ್ದವರು ಸಂತ ಅಗಸ್ಟೀನ್. ಅಯೋಗ್ಯ ಪಾದ್ರಿಗೆ ಇದರಿಂದ ರಕ್ಷಣೆ ಸಿಗಲಿಲ್ಲವೇ ಎಂದರೆ, ಒಂದು ಮಟ್ಟಿಗೆ ಸಿಕ್ಕಿತು. ಆದರೆ ಆ ತೀರ್ಮಾನದಿಂದ ನಿಶ್ಚಿಂತರಾದವರು ಸಾಮಾನ್ಯ ಭಕ್ತರು. ಮೂವತ್ತು ವರ್ಷದ ಹಿಂದೆ ತನ್ನ ಮದುವೆ ಮಾಡಿಸಿದ ಪಾದ್ರಿಯ ಬಂಡವಾಳ ಇವತ್ತು ಬಯಲಾದರೆ ತನ್ನ ಮದುವೆ ಬಿದ್ದುಹೋಯಿತೇ ಎಂದು ಯಾರೂ ಚಿಂತಿಸಬೇಕಿಲ್ಲ.

ಸ್ನಾನದೀಕ್ಷೆಯಲ್ಲಿ ಈ ಉದಾರತೆ ಇನ್ನೂ ದೂರ ಹೋಗುತ್ತದೆ. 1983ರ ಚರ್ಚ್ ಕಾನೂನಿನ 861ನೇ ವಿಧಿಯ ಪ್ರಕಾರ, ತುರ್ತು ಇದ್ದಾಗ ಸರಿಯಾದ ಉದ್ದೇಶವಿರುವ ಯಾರು ಬೇಕಾದರೂ ಸ್ನಾನದೀಕ್ಷೆ ಕೊಡಬಹುದು. ಯಾರು ಬೇಕಾದರೂ ಎಂದರೆ ಸೂಲಗಿತ್ತಿ, ನರ್ಸು, ಪಕ್ಕದ ಮನೆಯಾಕೆ. ಆಕೆ ಕ್ರೈಸ್ತಳೇ ಆಗಿರಬೇಕೆಂದಿಲ್ಲ. ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆ ಹರಿದು ದಾರಿ ಕಟ್ಟುವ ಮಳೆಗಾಲವನ್ನು ಕಂಡವರಿಗೆ ಈ ನಿಯಮದ ಬೆಲೆ ಗೊತ್ತಾಗುತ್ತದೆ. ಎಸ್ಟೇಟಿನ ಲೈನ್ ಮನೆಯಲ್ಲಿ ಆಗತಾನೆ ಹುಟ್ಟಿದ ಕೂಸಿನ ಉಸಿರು ನಿಲ್ಲುವ ಹಾಗಿದೆ, ಫಾದರ್ ಹೊಳೆಯಾಚೆ ಇದ್ದಾರೆ ಎಂದರೆ, ಧರ್ಮಸಭೆ ಕಾಯುತ್ತ ಕೂರು ಎನ್ನುವುದಿಲ್ಲ. ಅಲ್ಲಿರುವವಳು ತಣಿದ ನೀರನ್ನು ಮಗುವಿನ ತಲೆಯ ಮೇಲೆ ಸುರಿದು, ಪಿತ, ಪುತ್ರ, ಪವಿತ್ರಾತ್ಮರ ಹೆಸರಿನಲ್ಲಿ ನಿನಗೆ ಸ್ನಾನದೀಕ್ಷೆ ಕೊಡುತ್ತೇನೆ ಎಂದರೆ ಆಯಿತು. ಮಗು ಬದುಕಿಕೊಂಡರೆ ಉಳಿದ ವಿಧಿಗಳನ್ನು ಆಮೇಲೆ ಚರ್ಚಿನಲ್ಲಿ ಪೂರೈಸುತ್ತಾರೆ, ನೀರನ್ನು ಮಾತ್ರ ಮತ್ತೆ ಹಾಕುವುದಿಲ್ಲ.

ಇಷ್ಟು ಧಾರಾಳಿಯಾದ ಸಭೆ ಮಾತಿನ ವಿಷಯಕ್ಕೆ ಬಂದರೆ ಹೇಗೆ ಬದಲಾಗುತ್ತದೆ ನೋಡಿ. ಕೊಡುತ್ತೇನೆ ಎನ್ನುವ ಬದಲು ಕೊಡುತ್ತೇವೆ ಎಂದರೆ ಸ್ನಾನದೀಕ್ಷೆ ಆಗಲೇ ಇಲ್ಲ ಎಂದು ವ್ಯಾಟಿಕನ್ 2020ರ ಆಗಸ್ಟಿನಲ್ಲಿ ತೀರ್ಪು ಕೊಟ್ಟಿತು. ಅದನ್ನು ಓದಿದ ಅಮೆರಿಕದ ಡೆಟ್ರಾಯಿಟ್‌ನ ಯುವ ಪಾದ್ರಿಯೊಬ್ಬರಿಗೆ 1990ರಲ್ಲಿ ಆದ ತಮ್ಮದೇ ಸ್ನಾನದೀಕ್ಷೆಯ ವಿಡಿಯೊದಲ್ಲಿ ಕೇಳಿದ್ದ ಮಾತು ನೆನಪಾಯಿತು: ಕೊಡುತ್ತೇವೆ! ಸ್ನಾನದೀಕ್ಷೆಯೇ ಇಲ್ಲವೆಂದರೆ ದೃಢೀಕರಣವೂ ಇಲ್ಲ, ಯಾಜಕದೀಕ್ಷೆಯೂ ಇಲ್ಲ. ಮೂರು ವರ್ಷ ಪಾದ್ರಿಯಾಗಿ ದುಡಿದವರು ಕೆಲವೇ ದಿನಗಳಲ್ಲಿ ಎಲ್ಲವನ್ನೂ ಮೊದಲಿಂದ ಪಡೆಯಬೇಕಾಯಿತು. ಅವರು ಹೇಳಿದ್ದ ಪೂಜೆ, ಕೇಳಿದ್ದ ಪಾಪನಿವೇದನೆಗಳ ಗತಿಯೇನೆಂದು ಜನ ವಿಚಾರಿಸತೊಡಗಿದರು. ತರ್ಕ ನನಗೆ ಅರ್ಥವಾಗುತ್ತದೆ: ಪಾದ್ರಿಯ ಬಾಯಲ್ಲಿ ನಾನು ಎನ್ನುವವನು ಕ್ರಿಸ್ತ, ನೆರೆದ ಜನರಲ್ಲ. ಆದರೂ ಒಂದು ಸರ್ವನಾಮದ ಮೇಲೆ ಒಬ್ಬನ ಬದುಕನ್ನೇ ನಿಲ್ಲಿಸುವುದು ಅತಿಯಾಯಿತು ಎಂದೇ ನನಗನ್ನಿಸುತ್ತದೆ. ಕಥೋಲಿಕ ಗೆಳೆಯರಲ್ಲೂ ಹಾಗನ್ನುವವರಿದ್ದಾರೆ, ಚರ್ಚಿನ ಕಾಂಪೌಂಡಿನ ಹೊರಗೆ.

ಇಷ್ಟೆಲ್ಲ ಆದದ್ದನ್ನು ಬರೆದಿಡುವ ಜಾಗವೊಂದಿದೆ. ಪ್ರತಿ ಧರ್ಮಕೇಂದ್ರದ ಕಚೇರಿಯ ಗಾಡ್ರೇಜ್ ಬೀರುವಿನಲ್ಲಿ ರಟ್ಟು ಹಾಕಿದ, ಎರಡು ಕೈಯಲ್ಲಿ ಎತ್ತಬೇಕಾದ ಸ್ನಾನದೀಕ್ಷೆಯ ರಿಜಿಸ್ಟರ್. ನಮ್ಮ ಮಳೆಗಾಲಕ್ಕೆ ಹಾಳೆಗಳು ಮೆತ್ತಗಾಗಿ ಒಂದಕ್ಕೊಂದು ಹಿಡಿದುಕೊಂಡಿರುತ್ತವೆ. ಹಳೆಯ ಪುಟಗಳಲ್ಲಿ ನೀಲಿ ಶಾಯಿ ಹರಡಿ ಅಕ್ಷರಕ್ಕೆ ಮೀಸೆ ಬಂದಿರುತ್ತದೆ. ಒಂದು ಸಾಲಿಗೆ ಒಂದು ಮಗು: ಹೆಸರು, ಹುಟ್ಟಿದ ದಿನ, ದೀಕ್ಷೆಯ ದಿನ, ತಂದೆ ತಾಯಿ, ಗಾಡ್‌ಫಾದರ್, ಗಾಡ್‌ಮದರ್, ಪಾದ್ರಿಯ ಸಹಿ. ಇದಕ್ಕಿಂತ ಸ್ವಾರಸ್ಯದ್ದು ಪುಟದ ಅಂಚಿನಲ್ಲಿ ಬಿಟ್ಟ ಖಾಲಿ ಜಾಗ. ಆ ಮಗು ದೊಡ್ಡದಾಗಿ ದೃಢೀಕರಣ ಪಡೆದರೆ ಅದು ಅಲ್ಲಿಗೆ ಬರುತ್ತದೆ. ಮುಂಬೈಯಲ್ಲೋ ಕುವೈತಿನಲ್ಲೋ ಮದುವೆಯಾದರೆ ಅಲ್ಲಿನ ಚರ್ಚು ಪತ್ರ ಬರೆದು ತಿಳಿಸಬೇಕು, ಇಲ್ಲಿನ ಫಾದರ್ ಅಂಚಿನಲ್ಲಿ ಬರೆದುಕೊಳ್ಳಬೇಕು. ಪಾದ್ರಿಯಾದರೆ, ಸಿಸ್ಟರ್ ಆಗಿ ಶಾಶ್ವತ ಪ್ರತಿಜ್ಞೆ ತೆಗೆದುಕೊಂಡರೆ, ಅದೂ ಅಲ್ಲಿಗೇ. ಮದುವೆಗೆ ಮುಂಚೆ ಹೊಸದಾಗಿ ತೆಗೆಸಿದ ಸ್ನಾನದೀಕ್ಷೆಯ ಪ್ರತಿ ಬೇಕು ಎಂದು ಕೇಳುವುದು ಇದಕ್ಕೇ: ಅಂಚಿನಲ್ಲಿ ಮದುವೆಯ ಸುದ್ದಿ ಇಲ್ಲದಿದ್ದರೆ ಹುಡುಗ ಈ ಮೊದಲು ಚರ್ಚಿನಲ್ಲಿ ಮದುವೆಯಾಗಿಲ್ಲ ಎಂದು ಲೆಕ್ಕ. ಮಕ್ಕಳೆಲ್ಲ ಬೆಂಗಳೂರು ಸೇರಿ ತೋಟ ನೋಡುವವರಿಲ್ಲದ ಎಷ್ಟೋ ಮನೆಗಳ ಸುದ್ದಿ ಇನ್ನೂ ಊರಿಗೆ ತಪ್ಪದೆ ಬರುವುದು ಈ ಅಂಚಿಗೆ.

ಕಳಸದ ಚರ್ಚು ಸೇರಿರುವ ಚಿಕ್ಕಮಗಳೂರು ಧರ್ಮಪ್ರಾಂತ್ಯ ಮೈಸೂರಿನಿಂದ ಬೇರೆಯಾಗಿ ಹುಟ್ಟಿದ್ದು 1963ರ ನವೆಂಬರ್ 16ರಂದು. ಮೊದಲ ಬಿಷಪ್ ಅಲ್ಫೋನ್ಸಸ್ ಮಥಾಯಸ್ ಅವರಿಗೆ ಆಗ 35 ವರ್ಷ. ಮುಂದೆ ಬೆಂಗಳೂರಿನ ಆರ್ಚ್‌ಬಿಷಪ್ ಆದ ಅವರು 2024ರಲ್ಲಿ ತೀರಿಕೊಂಡರು. ಅವರ ನೇಮಕವಾಗಿ ಮೂರು ವಾರ ಕಳೆಯುವುದರೊಳಗೆ, ಡಿಸೆಂಬರ್ 4ರಂದು, ರೋಮಿನಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಆರಾಧನೆಯಲ್ಲಿ ಜನರ ಭಾಷೆ ಬಳಸಲು ಅನುಮತಿ ಕೊಟ್ಟಿತು. ಹೀಗಾಗಿ ಹೊಸ ಧರ್ಮಪ್ರಾಂತ್ಯದ ಮೊದಲ ವರ್ಷಗಳಲ್ಲೇ ಲ್ಯಾಟಿನ್ ಪೂಜೆ ಹಿಂದೆ ಸರಿಯಿತು. ಆ ಜಾಗಕ್ಕೆ ಯಾವ ಭಾಷೆ ಎಂಬುದು ಇಲ್ಲಿ ಅಷ್ಟು ಸುಲಭದ ಮಾತಾಗಿರಲಿಲ್ಲ. ಘಟ್ಟದ ಕೆಳಗಿಂದ ಬಂದ ಕೊಂಕಣಿಗರು, ಎಸ್ಟೇಟಿಗೆ ಬಂದ ತಮಿಳರು, ಬಾಳೆಹೊನ್ನೂರು, ನರಸಿಂಹರಾಜಪುರದ ಕಡೆ ಭೂಮಿ ಹುಡುಕಿ ಬಂದ ಮಲಯಾಳಿಗಳು, ಕನ್ನಡವೇ ಮನೆಮಾತಾದವರು, ಎಲ್ಲರೂ ಈ ಗುಡ್ಡಗಳಲ್ಲಿ ಇದ್ದರು. ಮಲಯಾಳಿಗಳಲ್ಲಿ ಸೀರೋ ಮಲಬಾರ್ ಪದ್ಧತಿಯವರಿಗೆ 2007ರಲ್ಲಿ ಭದ್ರಾವತಿಯಲ್ಲಿ ಬೇರೆಯೇ ಧರ್ಮಪ್ರಾಂತ್ಯವಾಯಿತು. ಮನೆಯಲ್ಲಿ ಕೊಂಕಣಿಯಲ್ಲಿ ಜಪಸರ ಹೇಳಿ ಚರ್ಚಿನಲ್ಲಿ ಕನ್ನಡದ ಪೂಜೆ ಕೇಳುವುದು ಇಲ್ಲಿನ ಬಹಳ ಕುಟುಂಬಗಳಿಗೆ ಅಭ್ಯಾಸವಾಗಿ ಹೋಗಿದೆ.

ಭಾಷೆ ಬದಲಾದರೂ ರೊಟ್ಟಿ ಬದಲಾಗಲಿಲ್ಲ. ಕಳಸದ ಸುತ್ತ ಗೋಧಿ ಬೆಳೆಯುವುದಿಲ್ಲ, ದ್ರಾಕ್ಷಿಯಂತೂ ಇಲ್ಲವೇ ಇಲ್ಲ. ಗದ್ದೆ, ಅಡಕೆ, ಕಾಫಿ, ಮೆಣಸು, ಇಷ್ಟೇ. ಅಕ್ಕಿ ತಿಂದು ಬೆಳೆದವರು ಅಕ್ಕಿಯದೇ ಬಿಲ್ಲೆ ಮಾಡಿಕೊಂಡರೆ ಆಗದೇ ಎಂದರೆ, ಆಗುವುದಿಲ್ಲ. ಶುದ್ಧ ಗೋಧಿಯೇ ಬೇಕು, ದ್ರಾಕ್ಷಿಯ ರಸವೇ ಬೇಕು. 2017ರಲ್ಲಿ ವ್ಯಾಟಿಕನ್ ಬಿಷಪರಿಗೆಲ್ಲ ಪತ್ರ ಬರೆದು, ಪೂರ್ತಿ ಗ್ಲುಟೆನ್ ತೆಗೆದ ರೊಟ್ಟಿಯೂ ನಡೆಯುವುದಿಲ್ಲ ಎಂದು ನೆನಪಿಸಿತು. ಕ್ರಿಸ್ತ ಕೊನೆಯ ಊಟದಲ್ಲಿ ಕೈಗೆತ್ತಿಕೊಂಡದ್ದು ಅದನ್ನು, ನಾವು ಬದಲಿಸಲು ಯಾರು ಎಂಬುದು ಅವರ ನಿಲುವು. ಏಷ್ಯಾ, ಆಫ್ರಿಕಾದ ದೇವಶಾಸ್ತ್ರಿಗಳಲ್ಲಿ ಕೆಲವರು ಇದನ್ನು ಪ್ರಶ್ನಿಸಿದ್ದುಂಟು. ಅಕ್ಕಿಗೆ ಸ್ಥಾನ ಸಿಕ್ಕಿರುವುದು ಬೇರೆ ಕಡೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಚರ್ಚಿನಲ್ಲಿ ಹೊಸ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಕೊಡುತ್ತಾರೆ; ಅದರ ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಹಾಕಿ, ಮನೆಯವರೆಲ್ಲ ಕೂಡಿ ನೊವೆಂ ಉಣ್ಣುತ್ತಾರೆ. ಮಲೆನಾಡಿನ ಎಲ್ಲ ಮನೆಗಳಿಗೂ ಗೊತ್ತಿರುವ ಹೊಸಕ್ಕಿ ಊಟವೇ ಇದು. ಸಂಭ್ರಮದಲ್ಲಿ ಏಳು ಸಂಸ್ಕಾರಗಳಿಗೆ ಏನೇನೂ ಕಡಿಮೆಯಿಲ್ಲ, ಲೆಕ್ಕದಲ್ಲಿ ಮಾತ್ರ ಸಂಸ್ಕಾರವಲ್ಲ.

ಪಾಪನಿವೇದನೆಯ ಬಗ್ಗೆ ಹೊರಗಿನವರಿಗೆ ಇರುವಷ್ಟು ಕುತೂಹಲ ಒಳಗಿನವರಿಗೆ ಇಲ್ಲ. ವರ್ಷಕ್ಕೊಮ್ಮೆಯಾದರೂ ಮಾಡಬೇಕೆಂದು ನಿಯಮ, ಹೆಚ್ಚಿನವರು ಕ್ರಿಸ್‌ಮಸ್, ಈಸ್ಟರ್ ಮುಂಚೆ ಮಾಡಿ ಮುಗಿಸುತ್ತಾರೆ. ದಿನಾ ನೋಡುವ ತಮ್ಮ ಫಾದರ್ ಮುಂದೆ ಹೇಳಿಕೊಳ್ಳಲು ಸಂಕೋಚ ಎಂಬುದು ಚರ್ಚಿಗೂ ಗೊತ್ತು. ಅದಕ್ಕೇ ಆ ದಿನಗಳಲ್ಲಿ ಅಕ್ಕಪಕ್ಕದ ಧರ್ಮಕೇಂದ್ರಗಳ ಪಾದ್ರಿಗಳು ಬಂದು ಕೂರುವ ರೂಢಿ. ಕೇಳಿದ್ದನ್ನು ಬಾಯಿ ಬಿಟ್ಟ ಪಾದ್ರಿಗೆ ಬಹಿಷ್ಕಾರವೇ ಶಿಕ್ಷೆ. ಹಾಗಿದ್ದರೂ 2018ರಲ್ಲಿ, ಕಥೋಲಿಕರಂತೆಯೇ ಪಾಪನಿವೇದನೆ ಇರುವ ಕೇರಳದ ಆರ್ಥೊಡಾಕ್ಸ್ ಸಭೆಯ ಕೆಲವು ಪಾದ್ರಿಗಳ ಮೇಲೆ, ಪಾಪನಿವೇದನೆಯಲ್ಲಿ ಕೇಳಿದ್ದನ್ನೇ ಹಿಡಿದು ಹೆಣ್ಣೊಬ್ಬಳನ್ನು ಬೆದರಿಸಿದ ಆರೋಪ ಬಂತು. ಈ ಪದ್ಧತಿಯನ್ನೇ ರದ್ದು ಮಾಡಿ ಎಂದು ರಾಷ್ಟ್ರೀಯ ಮಹಿಳಾ ಆಯೋಗ ಶಿಫಾರಸು ಮಾಡಿತು. ಸಭೆಗಳೆಲ್ಲ ವಿರೋಧಿಸಿದವು, ಶಿಫಾರಸು ಅಲ್ಲಿಗೇ ನಿಂತಿತು. ರದ್ದು ಮಾಡುವುದು ಸರ್ಕಾರದ ಕೆಲಸವಲ್ಲ, ನಿಜ. ಆದರೆ ಒಬ್ಬ ಹೆಂಗಸು ಒಬ್ಬ ಗಂಡಸಿನ ಮುಂದೆಯೇ ಎಲ್ಲವನ್ನೂ ಹೇಳಿಕೊಳ್ಳಬೇಕಾದ ವ್ಯವಸ್ಥೆಯಲ್ಲಿ ಅಪಾಯವೊಂದು ಇದ್ದೇ ಇದೆ; ಯಾಜಕದೀಕ್ಷೆ ಗಂಡಸರಿಗೆ ಮಾತ್ರ ಇರುವತನಕ ಅದು ಹೋಗುವುದೂ ಇಲ್ಲ. ಕೋವಿಡ್ ಬಂದಾಗ ಫೋನಿನಲ್ಲಿ ಪಾಪನಿವೇದನೆ ಮಾಡಬಹುದೇ ಎಂಬ ಪ್ರಶ್ನೆ ಎದ್ದಿತ್ತು. ಆಗುವುದಿಲ್ಲ, ಎದುರಿಗೇ ಇರಬೇಕು ಎಂದಿತು ಚರ್ಚು. ಪೂಜೆಯನ್ನು ಟಿ.ವಿ.ಯಲ್ಲಿ ನೋಡಬಹುದಿತ್ತು, ಪರಮಪ್ರಸಾದ ಪರದೆಯಿಂದ ಇಳಿದು ಬರುವಂತಿರಲಿಲ್ಲ.

ದೃಢೀಕರಣ ಬಿಷಪ್ ಊರಿಗೆ ಬಂದಾಗ ಹತ್ತಾರು ಮಕ್ಕಳಿಗೆ ಒಟ್ಟಿಗೇ ಆಗಿಬಿಡುತ್ತದೆ. ಹಣೆಗೆ ಎಣ್ಣೆಯ ಶಿಲುಬೆ, ಆಮೇಲೆ ಬಿಷಪರ ಜೊತೆ ಫೋಟೊ. ಎಣ್ಣೆಯ ನಿಜವಾದ ಕಥೆ ಇರುವುದು ಕಾಯಿಲೆಯ ಮನೆಯಲ್ಲಿ. ಹಿಂದೆಲ್ಲ ಫಾದರ್ ಮನೆಗೆ ಬಂದರೆಂದರೆ ಮುಗಿಯಿತು ಎಂದೇ ಅರ್ಥ; ರೋಗಿ ಹೆದರಿಕೊಂಡಾನೆಂದು ಉಸಿರು ಎಳೆಯುವತನಕ ಕರೆಸುತ್ತಲೇ ಇರಲಿಲ್ಲ. 1972ರ ನವೆಂಬರ್ 30ರಂದು ಪೋಪ್ ಆರನೇ ಪೌಲ್ ಇದನ್ನು ತಿದ್ದಿದರು. ಸಾಯುವ ಗಳಿಗೆಗೆ ಕಾಯಬೇಕಿಲ್ಲ, ಕಾಯಿಲೆ ಜೋರಾದಾಗಲೇ ಕರೆಯಿರಿ. ಆಲಿವ್ ಎಣ್ಣೆ ಸಿಗದ ನಾಡಿನಲ್ಲಿ ಬೇರೆ ಗಿಡಮರದ ಎಣ್ಣೆಯೂ ಆಗುತ್ತದೆ. ಗೋಧಿಯಲ್ಲಿ ಜಗ್ಗದವರು ಎಣ್ಣೆಯಲ್ಲಿ ಜಗ್ಗಿದರು, ತೆಂಗಿನೆಣ್ಣೆಗೂ ದಾರಿಯಾಯಿತು. ಈ ಎಣ್ಣೆ ವರ್ಷಕ್ಕೊಮ್ಮೆ ಈಸ್ಟರ್‌ಗೆ ಮುಂಚಿನ ವಾರದಲ್ಲಿ ಬಿಷಪರ ಕೈಯಲ್ಲಿ ಆಶೀರ್ವಾದಗೊಂಡು, ಅಲ್ಲಿಂದ ಎಲ್ಲ ಧರ್ಮಕೇಂದ್ರಗಳಿಗೆ ಹೋಗುತ್ತದೆ. ಚಿಕ್ಕಮಗಳೂರಿನಿಂದ ಕಳಸಕ್ಕೆ ಬರಬೇಕೆಂದರೆ ಸುಮಾರು 90 ಕಿಲೋಮೀಟರ್ ತಿರುವಿನ ದಾರಿ. ಫಾದರ್ ರೋಗಿಯ ಮನೆಗೆ ತರುವ ಚೀಲದಲ್ಲಿ ಇರುವುದು ಸ್ವಲ್ಪವೇ: ಕೊರಳಿಗೆ ಹಾಕಿಕೊಳ್ಳುವ ಪಟ್ಟಿ, ಪರಮಪ್ರಸಾದವಿರುವ ಹೊಳೆಯುವ ಪುಟ್ಟ ಕರಡಿಗೆ, ಹೆಬ್ಬೆರಳು ಇಳಿಯುವಷ್ಟು ಬಾಯಿಯ ಎಣ್ಣೆ ಡಬ್ಬಿ, ಅದರೊಳಗೆ ಎಣ್ಣೆ ಹೀರಿದ ಹತ್ತಿ. ಮನೆಯವರು ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಶಿಲುಬೆ ಇಟ್ಟು, ಮೇಣದಬತ್ತಿ ಹಚ್ಚಿರುತ್ತಾರೆ. ಹೆಬ್ಬೆರಳಿನಿಂದ ಹಣೆಗೆ ಒಮ್ಮೆ, ಎರಡೂ ಅಂಗೈಗೆ ಒಮ್ಮೊಮ್ಮೆ. ಐವತ್ತು ಕುಯ್ಲಿನಲ್ಲಿ ಕಾಫಿ ಹಣ್ಣು ಬಿಡಿಸಿ ಗೆರೆಗೆರೆಯಲ್ಲೂ ಕಪ್ಪು ಕೂತ ಅಂಗೈಗಳ ಮೇಲೆ ಎಣ್ಣೆ ಸುಲಭವಾಗಿ ಹರಡುವುದಿಲ್ಲ, ಎರಡು ಸಲ ಒತ್ತಬೇಕಾಗುತ್ತದೆ.

ಇನ್ನು ಮದುವೆ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ, ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲದಲ್ಲಿ ಸಾಮಾನ್ಯವಾಗಿ ಮದುವೆ ಇಡುವುದಿಲ್ಲ. ನವೆಂಬರಿನಿಂದ ಕಾಫಿ ಕುಯ್ಲು. ಹಾಗಾಗಿ ಹೂಮಳೆ ಬಿದ್ದು, ಈಸ್ಟರ್ ಮುಗಿದು, ಮುಂಗಾರು ಹಿಡಿಯುವ ಮುಂಚಿನ ಏಪ್ರಿಲ್, ಮೇ ತಿಂಗಳಲ್ಲಿ ಹಾಲ್ ಸಿಗುವುದು ಕಷ್ಟ. ಅಷ್ಟೊತ್ತಿಗೆ ಕೈಯಲ್ಲಿ ನಾಲ್ಕು ಕಾಸೂ ಆಡುತ್ತಿರುತ್ತದೆ. ಮದುವೆಯ ಹಿಂದಿನ ದಿನ ರೋಸ್ ಎಂಬ ಶಾಸ್ತ್ರದಲ್ಲಿ ತೆಂಗಿನಹಾಲು ಸುರಿಸಿಕೊಂಡು ಒದ್ದೆಯಾಗುವುದು ಕೊಂಕಣಿಗರ ಸಂಪ್ರದಾಯ, ಸಂಸ್ಕಾರದ ಭಾಗವಲ್ಲ. ಉಳಿದ ಸಂಸ್ಕಾರಗಳಿಗಿಂತ ಮದುವೆ ಬೇರೆಯಾಗಿ ನಿಲ್ಲುವುದು ಒಂದು ಕಾರಣಕ್ಕೆ: ಇಲ್ಲಿ ಸಂಸ್ಕಾರ ಕೊಡುವವರು ಪಾದ್ರಿಯಲ್ಲ, ಗಂಡುಹೆಣ್ಣು ಇಬ್ಬರೇ, ಒಬ್ಬರಿಗೊಬ್ಬರು. ಫಾದರ್ ನಿಂತಿರುವುದು ಒಪ್ಪಿಗೆ ಕೇಳಿ ಸಭೆಯ ಪರವಾಗಿ ಸ್ವೀಕರಿಸಲು. ಒಂದು ತಿಂಗಳ ತನಕ ಪಾದ್ರಿ ಸಿಗುವ ಹಾಗೇ ಇಲ್ಲದಿದ್ದರೆ ಬರೀ ಸಾಕ್ಷಿಗಳ ಮುಂದೆ ಆದ ಮದುವೆಯೂ ಸಿಂಧು ಎನ್ನುತ್ತದೆ ಚರ್ಚ್ ಕಾನೂನಿನ 1116ನೇ ವಿಧಿ. ಬೇರೆ ಧರ್ಮದವರನ್ನು ಚರ್ಚಿನಲ್ಲಿ ಮದುವೆಯಾಗಲು ಬಿಷಪರ ವಿನಾಯಿತಿ ಬೇಕು. ಸಿಕ್ಕರೆ ಮದುವೆ ಸಿಂಧು, ಆದರೆ ಒಬ್ಬರಿಗೆ ಸ್ನಾನದೀಕ್ಷೆ ಆಗಿಲ್ಲದ್ದರಿಂದ ಅದನ್ನು ಸಂಸ್ಕಾರವೆನ್ನುವುದಿಲ್ಲ.

ಸಂಸ್ಕಾರವಾದ ಮದುವೆಯನ್ನು ಚರ್ಚು ಸಾಮಾನ್ಯವಾಗಿ ಮುರಿಯುವುದಿಲ್ಲ. ಒಪ್ಪಿಗೆಯಲ್ಲೇ ದೋಷವಿತ್ತು, ಮದುವೆ ಮೊದಲಿಂದಲೂ ಆಗಿರಲೇ ಇಲ್ಲ ಎಂದು ತನಿಖೆ ಮಾಡಿ ಹೇಳಬಹುದು, ಅಷ್ಟೇ. ಎರಡು ನ್ಯಾಯಪೀಠ ಒಂದೇ ತೀರ್ಪು ಕೊಡಬೇಕೆಂಬ ಹಳೆಯ ನಿಯಮವನ್ನು 2015ರಲ್ಲಿ ಪೋಪ್ ಫ್ರಾನ್ಸಿಸ್ ಕೈಬಿಟ್ಟ ಮೇಲೆ ಈ ದಾರಿ ಸ್ವಲ್ಪ ಹತ್ತಿರವಾಗಿದೆ. ಆದರೆ ಆ ಕಾಗದ ನಮ್ಮ ಕೋರ್ಟಿನಲ್ಲಿ ನಡೆಯುವುದಿಲ್ಲ. ನಡೆಯಬೇಕೆಂದು ಸುಪ್ರೀಂ ಕೋರ್ಟಿಗೆ ಹೋದವರು ನಮ್ಮ ರಾಜ್ಯದವರೇ, ದಕ್ಷಿಣ ಕನ್ನಡದ ಕಥೋಲಿಕ ಸಂಘಟನೆಯ ಅಧ್ಯಕ್ಷರಾಗಿದ್ದ ವಕೀಲ ಕ್ಲಾರೆನ್ಸ್ ಪಾಯಸ್. 2017ರ ಜನವರಿಯಲ್ಲಿ ಅವರ ಅರ್ಜಿ ವಜಾ ಆಯಿತು. ಚರ್ಚಿನ ತೀರ್ಪನ್ನಷ್ಟೇ ನಂಬಿ ಎರಡನೇ ಮದುವೆಯಾದವರು ಕಾನೂನಿನ ಕಣ್ಣಿನಲ್ಲಿ ಇಬ್ಬರ ಗಂಡ. ಕೋರ್ಟಿನ ವಿಚ್ಛೇದನವನ್ನಷ್ಟೇ ಪಡೆದು ಮದುವೆಯಾದವರು ಸಾಮಾನ್ಯವಾಗಿ ಪರಮಪ್ರಸಾದದ ಸಾಲಿನಿಂದ ಹೊರಗೆ. ಎರಡೂ ಕಡೆ ಸರಿಯಾಗಿರಬೇಕೆಂದರೆ ಎರಡು ಅರ್ಜಿ, ಎರಡು ಸಲ ಸಾಕ್ಷಿ, ಮನೆಯ ಜಗಳವನ್ನು ಎರಡು ಸಲ ಬಿಡಿಸಿ ಹೇಳುವುದು. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ 2001ರ ತಿದ್ದುಪಡಿ ಅವಕಾಶ ಕೊಟ್ಟಿರುವುದರಿಂದ ಕೋರ್ಟಿನ ಭಾಗ ಮೊದಲಿಗಿಂತ ಸುಲಭ. ಬಿಷಪರ ಕಚೇರಿಯೂ ಜಿಲ್ಲಾ ನ್ಯಾಯಾಲಯವೂ ಚಿಕ್ಕಮಗಳೂರಿನಲ್ಲೇ ಇವೆ. ಕಳಸದವರು ಬೆಳಗಿನ ಮೊದಲ ಬಸ್ಸು ಹಿಡಿದರೆ ಒಂದೇ ದಿನದಲ್ಲಿ ಎರಡೂ ಕಡೆ ಮುಖ ತೋರಿಸಿ ಬರಬಹುದು.